ಲಕ್ಷ ಕಿಲೋಮೀಟರ್ ದಾಟಿದ ಎಸ್‌ಯುವಿ ಕೊಳ್ಳುವ ಮುನ್ನ ಬಾನೆಟ್ ಮುಟ್ಟಿ ನೋಡಿ

ಡಿಸೆಂಬರಿನ ಒಂದು ಭಾನುವಾರ ಬೆಳಗ್ಗೆ ಆರೂಮುಕ್ಕಾಲಕ್ಕೆ ಚಿಕ್ಕಮಗಳೂರಿನ ಒಂದು ಬಡಾವಣೆಯಲ್ಲಿ ನಾನೂ ನನ್ನ ಭಾವನೂ ಒಂದು ಹಳೆಯ ಎಸ್‌ಯುವಿ ಮುಂದೆ ನಿಂತಿದ್ದೆವು. ಮಂಜು ಇನ್ನೂ ಸರಿದಿರಲಿಲ್ಲ. ಭಾವ ನೇರವಾಗಿ ಬಾಗಿಲು ತೆಗೆದು ಮೀಟರಿನತ್ತ ಬಗ್ಗಿದರು. ನಾನು ಬಾನೆಟ್ ಮೇಲೆ ಅಂಗೈ ಇಟ್ಟೆ. ಬೀದಿಯ ಉಳಿದ ಗಾಡಿಗಳ ಮೇಲೆಲ್ಲ ಇಬ್ಬನಿ ಕೂತಿತ್ತು; ಇದರ ಬಾನೆಟ್ ಮಾತ್ರ ಒಣಗಿತ್ತು, ಬೆಚ್ಚಗೂ ಇತ್ತು. ಕೇಳಿದ್ದಕ್ಕೆ ಮಾಲೀಕರು, “ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬಂದೆ ಸಾರ್” ಎಂದರು. ಭಾನುವಾರ, ಆರೂಮುಕ್ಕಾಲಕ್ಕೆ! ಅಷ್ಟರಲ್ಲಿ ಭಾವ ಒಳಗಿನಿಂದ, “ಎಂಬತ್ತೈದು ಸಾವಿರ ಅಷ್ಟೇ ಓಡಿರುವುದು” ಎಂದು ಹಿಗ್ಗಿನಿಂದ ಕೂಗಿದರು.

ಆ ಗಾಡಿಯ ಬ್ರೇಕ್ ಪೆಡಲಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿತ್ತು. ಎಂಬತ್ತೈದು ಸಾವಿರಕ್ಕೆ ಹಾಗೆ ಸವೆಯುವುದಿಲ್ಲ. ನಾವು ಅಲ್ಲಿ ಕಾಫಿ ಕುಡಿದು ಹೊರಟುಬಂದೆವು.

ನೆಂಟರು, ಸ್ನೇಹಿತರು ಕರೆದರೆಂದು ಇಂಥ ಗಾಡಿ ನೋಡಲು ಹೋಗುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಹತ್ತರಲ್ಲಿ ಒಂಬತ್ತು ಜನ ಮಾಡುವ ತಪ್ಪು ಒಂದೇ: ಎಷ್ಟು ಓಡಿದೆ ಎಂದು ಕೇಳುತ್ತಾರೆ, ಎಲ್ಲಿ ಓಡಿದೆ ಎಂದು ಕೇಳುವುದಿಲ್ಲ. ವಾರಕ್ಕೊಮ್ಮೆ ಚಿಕ್ಕಮಗಳೂರಿನಿಂದ ಬೆಂಗಳೂರಿಗೆ ಹೋಗಿಬರುವವರ ಗಾಡಿ ವರ್ಷಕ್ಕೆ ಇಪ್ಪತ್ತೈದು ಸಾವಿರ ಕಿಲೋಮೀಟರ್ ಸುಲಭವಾಗಿ ದಾಟುತ್ತದೆ. ಏಳು ವರ್ಷಕ್ಕೆ ಒಂದೂಮುಕ್ಕಾಲು ಲಕ್ಷ. ಆದರೆ ಅದರ ಬಹುಪಾಲು ಟಾಪ್ ಗೇರಿನಲ್ಲಿ, ಒಂದೇ ವೇಗದಲ್ಲಿ ಓಡಿದ್ದು. ಅದೇ ಮೂಡಿಗೆರೆ, ಸಕಲೇಶಪುರ ಕಡೆಯ ತೋಟದ ಗಾಡಿ ಎಪ್ಪತ್ತು ಸಾವಿರವೇ ಓಡಿರಬಹುದು. ಅಷ್ಟೂ ಒಂದನೇ, ಎರಡನೇ ಗೇರಿನಲ್ಲಿ, ಕಾಫಿ ಮೂಟೆಯನ್ನೋ ಗೊಬ್ಬರವನ್ನೋ ಹೊತ್ತು, ಕಲ್ಲು ಹಾದಿಯಲ್ಲಿ ತೆವಳಿದ್ದು. ನನ್ನನ್ನು ಕೇಳಿದರೆ ಮೊದಲನೆಯದನ್ನು ಕಣ್ಣು ಮುಚ್ಚಿ ಆರಿಸುತ್ತೇನೆ. ಕಣ್ಣು ಮುಚ್ಚಿ ಎಂದದ್ದು ಮಾತಿಗೆ. ಕಣ್ಣು ತೆರೆದು ನೋಡಬೇಕಾದ್ದು ಬಹಳ ಇದೆ.

ಮನೆಯಲ್ಲೇ ಮುಗಿಯುವ ಕೆಲಸ

ಎಂಪರಿವಾಹನ್ ಆಪ್‌ನಲ್ಲಿ ಗಾಡಿ ಸಂಖ್ಯೆ ಹಾಕಿ ನೋಂದಣಿ ದಿನಾಂಕ, ವಿಮೆ, ಎಮಿಷನ್ ಅವಧಿ ನೋಡಿ. ಖಾಸಗಿ ಗಾಡಿಯ ಆರ್‌ಸಿ ಹದಿನೈದು ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹದಿನಾಲ್ಕು ತುಂಬಿದ ಗಾಡಿಯ ಬೆಲೆ ಮಾತಾಡುವಾಗ ಇದು ನೆನಪಿರಲಿ. ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಆ ನಮೂದು ಅಳಿಸುವ ಫಾರಂ 35 ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಬಾಕಿ ದಂಡಗಳನ್ನು ಮಾರುವವರೇ ಕಟ್ಟಲಿ.

ಹೊರರಾಜ್ಯದ ಗಾಡಿಯ ಬಗ್ಗೆ ಒಂದು ಮಾತು. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ದೆಹಲಿಯಲ್ಲಿ ನಿರ್ಬಂಧ ಬಂದ ಮೇಲೆ ಅಲ್ಲಿಯ ದೊಡ್ಡ ಗಾಡಿಗಳು ಅಗ್ಗವಾಗಿ ದಕ್ಷಿಣಕ್ಕೆ ಬಂದವು. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಟ್ಟುಕೊಳ್ಳುವುದಾದರೆ ಇಲ್ಲಿಯ ಸಂಖ್ಯೆಯೇ ಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆಯನ್ನೂ ಕಟ್ಟಬೇಕು. ಅದನ್ನೆಲ್ಲ ಕೂಡಿಸಿ ನೋಡಿದರೆ ಅಗ್ಗ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ನಾನಂತೂ ಕೆಎ–18, ಕೆಎ–13, ಕೆಎ–46 (ಚಿಕ್ಕಮಗಳೂರು, ಹಾಸನ, ಸಕಲೇಶಪುರ) ಬಿಟ್ಟು ದೂರ ಹೋಗಬೇಡಿ ಎನ್ನುತ್ತೇನೆ. ಗಾಡಿಯ ಚರಿತ್ರೆ ಊರಿನ ನಾಲ್ಕು ಜನಕ್ಕೆ ಗೊತ್ತಿರುತ್ತದೆ.

ಮೀಟರನ್ನು ನಂಬುವುದು ಎಷ್ಟು

ಮೀಟರ್ ತಿರುಗಿಸುವುದು ಈಗ ಲ್ಯಾಪ್‌ಟಾಪಿನ ಕೆಲಸ. ಆದ್ದರಿಂದ ಸುತ್ತಲಿನ ಸಾಕ್ಷಿ ಕೇಳಿ: ಪೆಡಲ್ ರಬ್ಬರು, ಸ್ಟೀರಿಂಗಿನ ನುಣುಪು, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದರೆ 2019ರ ಇಪ್ಪತ್ತಮೂರನೇ ವಾರ ತಯಾರಾದದ್ದು. ಮೂವತ್ತು ಸಾವಿರ ಓಡಿದೆ ಎನ್ನುವ ಗಾಡಿಗೆ ನಾಲ್ಕೂ ಟೈರು ಹೊಸದಿದ್ದರೆ ಕಾರಣ ಕೇಳಿ. ಸರ್ವಿಸ್ ಸೆಂಟರಿನ ಬಿಲ್ಲುಗಳಲ್ಲಿ ಪ್ರತಿ ಬಾರಿಯ ಕಿಲೋಮೀಟರ್ ಬರೆದಿರುತ್ತದೆ. ಬಿಲ್ಲು ಕಳೆದುಹೋಗಿದೆ ಎಂದರೆ ಮಾಲೀಕರನ್ನೇ ಕರೆದುಕೊಂಡು ಹೋಗಿ ಕಂಪ್ಯೂಟರಿನ ದಾಖಲೆ ತೆಗೆಸಿ. ಅದಕ್ಕೂ ಒಪ್ಪದಿದ್ದರೆ ಉತ್ತರ ಸಿಕ್ಕಿತು ಎಂದುಕೊಳ್ಳಿ.

ತಣ್ಣಗಿನ ಎಂಜಿನ್: ಇಲ್ಲಿ ಅವಸರ ಬೇಡ

ಜನ ಮುಗ್ಗರಿಸುವುದು ಇಲ್ಲಿ. ಬಿಸಿ ಎಂಜಿನ್ ಸುಳ್ಳು ಹೇಳುತ್ತದೆ. ಸವೆದ ಎಂಜಿನ್ನೂ ಒಮ್ಮೆ ಬಿಸಿಯಾದರೆ ಗಟ್ಟಿಮುಟ್ಟಾದದ್ದರಂತೆ ಸೆಲ್ಫ್ ತೆಗೆದುಕೊಳ್ಳುತ್ತದೆ, ಹೊಗೆ ಅಡಗುತ್ತದೆ, ಕಟಕಟ ಸದ್ದೂ ಕಡಿಮೆಯಾಗುತ್ತದೆ. ಹಿಂದಿನ ರಾತ್ರಿಯೇ ಫೋನು ಮಾಡಿ, “ನಾನು ಬರುವವರೆಗೆ ಸೆಲ್ಫ್ ಹೊಡೆಯಬೇಡಿ” ಎಂದು ಹೇಳಿಡಿ. ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಹೋಗಿ. ಬಾನೆಟ್ ಬಿಸಿಯಾಗಿದ್ದರೆ ಜಗಳ ಬೇಡ, ಇನ್ನೊಂದು ದಿನ ಬರುತ್ತೇನೆ ಎಂದು ಹೇಳಿ ಹೊರಡಿ. ನಿಜವಾಗಿ ಮಾರಬೇಕಾದವರು ಕರೆಯುತ್ತಾರೆ.

ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ಎತ್ತಿ. ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡಿ. ಡೀಸೆಲ್ ಗಾಡಿಯ ಆಯಿಲ್ ಹಾಕಿದ ವಾರದಲ್ಲೇ ಕಪ್ಪಾಗುತ್ತದೆ. ಕಪ್ಪು ಕಂಡು ಹೆದರುವುದೂ ಬೇಡ, ಹೆದರಿದಂತೆ ನಟಿಸಿ ಬೆಲೆ ಇಳಿಸುವುದೂ ಬೇಡ. ಎರಡು ಬೆರಳ ನಡುವೆ ತಿಕ್ಕಿ. ಮರಳಿನಂತೆ ಚುರುಗುಟ್ಟಿದರೆ ಕೆಟ್ಟದ್ದು. ಆಯಿಲ್ ಮುಚ್ಚಳ ತೆಗೆದು ಒಳಮೈ ನೋಡಿ: ಡಿಕಾಕ್ಷನ್‌ಗೆ ಹಾಲು ಬೆರೆಸಿದಂಥ ಬಣ್ಣದ ನೊರೆ ಇದೆಯೇ? ಇದ್ದರೆ ಎಂಜಿನ್ನಿನೊಳಗೆ ನೀರು ಸೇರುತ್ತಿರಬಹುದು. ಆದರೆ ನಮ್ಮ ಮಳೆಗಾಲದಲ್ಲಿ ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಯ ಮುಚ್ಚಳದಲ್ಲೂ ತೇವಕ್ಕೆ ತುಸು ನೊರೆ ಕೂರುತ್ತದೆ. ಗೊಂದಲ ಬಿಡಿಸುವುದು ಎಂಜಿನ್ ತಂಪು ಮಾಡುವ ಕೂಲೆಂಟಿನ ತೊಟ್ಟಿ. ಅದರಲ್ಲೂ ಎಣ್ಣೆಯ ಕಾಮನಬಿಲ್ಲು ತೇಲುತ್ತಿದ್ದರೆ ಆಯಿಲೂ ನೀರೂ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ಟನ್ನು ಅನುಮಾನಿಸಬೇಕು. ತುಕ್ಕು ಬಣ್ಣದ ಬರೀ ನೀರಿದ್ದರೆ ಯಾರೋ ವರ್ಷಗಟ್ಟಲೆ ಕೂಲೆಂಟಿಗೆ ಹಣ ಉಳಿಸಿದ್ದಾರೆ ಎಂದರ್ಥ. ಕೂಲೆಂಟ್ ತೊಟ್ಟಿಯ ಮುಚ್ಚಳವನ್ನು ಬಿಸಿ ಎಂಜಿನ್ನಿನಲ್ಲಿ ತೆಗೆಯಬೇಡಿ, ಮುಖ ಸುಟ್ಟುಕೊಳ್ಳುತ್ತೀರಿ.

ಎಂಜಿನ್ ಕೋಣೆ ಮದುವೆಗೆ ಹೊರಟಂತೆ ಮಿರಮಿರ ಮಿಂಚುತ್ತಿದ್ದರೆ ನನಗೆ ಆಗುವುದಿಲ್ಲ. ತೊಳೆದು ಮಿಂಚುವ ಸ್ಪ್ರೇ ಹೊಡೆದರೆ ಆಯಿಲ್ ಸೋರಿದ ಗುರುತೆಲ್ಲ ಮಾಯವಾಗುತ್ತದೆ. ಕೆಂಧೂಳು ಕೂತ ಎಂಜಿನ್ ಎಷ್ಟೋ ಮೇಲು. ಸೋರಿದ ಜಾಗದಲ್ಲಿ ಧೂಳು ಮೆತ್ತಿಕೊಂಡು ತಾನೇ ಬಾಯಿ ಬಿಡುತ್ತದೆ.

ಈಗ ಒಬ್ಬರನ್ನು ಸೈಲೆನ್ಸರ್ ಹಿಂದೆ ನಿಲ್ಲಿಸಿ. ಕೀ ಅರ್ಧ ತಿರುಗಿಸಿ. ಚೆಕ್ ಎಂಜಿನ್, ಏರ್‌ಬ್ಯಾಗ್, ಎಬಿಎಸ್ ದೀಪಗಳು ಮೊದಲು ಹೊತ್ತಿಕೊಳ್ಳಬೇಕು, ಆಮೇಲೆ ಆರಬೇಕು. ಆರದಿರುವುದು ಒಂದು ದೋಷ. ಹೊತ್ತಿಕೊಳ್ಳದೇ ಇರುವುದು ಅದಕ್ಕಿಂತ ದೊಡ್ಡ ದೋಷ, ಏಕೆಂದರೆ ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆ. ಆಮೇಲೆ ಸೆಲ್ಫ್ ಹೊಡೆದು ಹೊಗೆ ನೋಡಿ. ಚಳಿಯಲ್ಲಿ ಬರುವ ವಾಸನೆಯಿಲ್ಲದ ಬಿಳಿ ಆವಿ ಕ್ಷಣದಲ್ಲಿ ಕರಗಿದರೆ ಅದು ಬರೀ ತೇವ. ಕಣ್ಣು ಉರಿಸುವ, ಹಸಿ ಡೀಸೆಲ್ ನಾರುವ ಬಿಳಿ ಹೊಗೆ ಮುಂದುವರಿದರೆ ಇಂಜೆಕ್ಟರ್, ಗ್ಲೋ ಪ್ಲಗ್ ಅಥವಾ ಕಂಪ್ರೆಷನ್‌ನ ತೊಂದರೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಆಕ್ಸಿಲರೇಟರ್ ಒತ್ತಿದಾಗ ಒಮ್ಮೆ ಉಗುಳುವ ಕಪ್ಪು ಹೊಗೆ ಹಳೆಯ ಡೀಸೆಲ್‌ಗೆ ಸಹಜ. ನಿಲ್ಲದೆ ಬಂದರೆ ಸಹಜವಲ್ಲ.

ಐದು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು ಆಯಿಲ್ ಮುಚ್ಚಳವನ್ನು ಬಿಚ್ಚಿ, ತಲೆಕೆಳಗಾಗಿ ಅದೇ ಬಾಯಿಯ ಮೇಲೆ ಸುಮ್ಮನೆ ಇಡಿ. ಸಣ್ಣಗೆ ನಡುಗಿದರೆ ಚಿಂತೆಯಿಲ್ಲ. ಇಡ್ಲಿ ಪಾತ್ರೆಯ ಮುಚ್ಚಳದಂತೆ ಕುಣಿದು, ಬುಸುಬುಸು ಹೊಗೆ ಬಂದರೆ ಪಿಸ್ಟನ್ ರಿಂಗುಗಳು ಸೋತಿವೆ. ಎಂಜಿನ್ ಇಳಿಸಿ ಮಾಡಿಸುವ ಖರ್ಚನ್ನು ನೀವು ಹೊರಬೇಕಾಗುತ್ತದೆ. ಹೊಗೆ ಅಡಗಿಸಲೆಂದೇ ಡಬ್ಬಿಗಳಲ್ಲಿ ಜೇನಿನಂಥ ಮಂದ ದ್ರವ ಮಾರುತ್ತಾರೆ. ಆಯಿಲ್ ಜೊತೆ ಸುರಿದರೆ ಕೆಲವು ದಿನ ಎಲ್ಲವೂ ಶಾಂತ. ಡಿಪ್‌ಸ್ಟಿಕ್‌ನಿಂದ ಆಯಿಲ್ ತೊಟ್ಟಿಕ್ಕದೆ ನೂಲಿನಂತೆ ಎಳೆದುಕೊಂಡರೆ ನನಗೆ ಆ ಡಬ್ಬಿಯೇ ನೆನಪಾಗುತ್ತದೆ. ರೇಡಿಯೇಟರ್ ಸೋರಿಕೆ ನಿಲ್ಲಿಸುವ ಪುಡಿಗಳೂ ಇದೇ ಜಾತಿಯವು. ತೂತು ಮುಚ್ಚುತ್ತವೆ, ಜೊತೆಗೆ ಹೀಟರಿನ ಸಣ್ಣ ಕೊಳವೆಗಳನ್ನೂ.

ಕೆಳಗೆ ಮಲಗಿ

ಹಳೆಯ ಗೋಣಿಚೀಲ, ಟಾರ್ಚು, ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ. ಬೊಲೆರೊ, ಸ್ಕಾರ್ಪಿಯೊ, ಫಾರ್ಚೂನರ್‌ಗಳಲ್ಲಿ ಏಣಿಯಂಥ ಪ್ರತ್ಯೇಕ ಚಾಸಿ ಇರುತ್ತದೆ; ಡಸ್ಟರ್, ಎಕ್ಸ್‌ಯುವಿ 500ಗಳಲ್ಲಿ ಬಾಡಿಯೇ ಚಾಸಿ. ಕೆಸರು ತುಂಬಿಕೊಂಡು ನೀರು ನಿಲ್ಲುವ ಮೂಲೆಗಳನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಣಗಣ ಎಂದರೆ ಸರಿ, ದಬದಬ ಎಂದರೆ ತುಕ್ಕು ತಿಂದಿದೆ. ಹೊಸದಾಗಿ ಬಳಿದ ಕಪ್ಪು ಬಣ್ಣ ಕಂಡರೆ ಏಕೆ ಬಳಿದಿರಿ ಎಂದು ಕೇಳಿ. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಇನ್ನೂ ಹತ್ತು ನಿಮಿಷ ಹೆಚ್ಚು ಮಲಗಿ. ಚಾಸಿ ಸಂಖ್ಯೆಯ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್‌ಸಿಗೆ ಹೋಲಿಸಿ. ಸುತ್ತ ವೆಲ್ಡಿಂಗ್ ಗುರುತಿದ್ದರೆ ಅಲ್ಲಿಗೇ ಮಾತು ಮುಗಿಸಿ.

2018ರ ಆಗಸ್ಟಿನಲ್ಲಿ ಕೊಡಗು, ಕೇರಳ ಮುಳುಗಿದ್ದನ್ನು ನೋಡಿದ್ದೇವೆ. ಆಗ ನೀರು ಕುಡಿದ ಗಾಡಿಗಳಲ್ಲಿ ಎಲ್ಲವೂ ಗುಜರಿಗೆ ಹೋದವೆಂದು ನಾನು ನಂಬುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಒಳಗಿನ ಸುರುಳಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕನ್ನೂ ನೋಡಿ. ಡ್ಯಾಶ್‌ಬೋರ್ಡಿನ ಮೇಲೆ ಮಲ್ಲಿಗೆ ವಾಸನೆಯ ಬಾಟಲಿ ಎರಡೆರಡಿದ್ದರೆ ಗಾಜು ಏರಿಸಿ ಹತ್ತು ನಿಮಿಷ ಒಳಗೆ ಕೂತು ಮುಗ್ಗಲು ವಾಸನೆ ಬರುತ್ತದೆಯೇ ನೋಡಿ.

ಕೈಮರದ ಏರು

ಚಿಕ್ಕಮಗಳೂರಿನ ಕೆ.ಎಂ. (ಕಡೂರು–ಮಂಗಳೂರು) ರಸ್ತೆಯಲ್ಲಿ ಎರಡು ಕಿಲೋಮೀಟರ್ ಓಡಿಸಿ, ಪಿಕಪ್ ಚೆನ್ನಾಗಿದೆ ಎಂದು ಬರುವವರು ಏನನ್ನೂ ನೋಡಿದಂತಾಗಲಿಲ್ಲ. ಕೈಮರದ ಕಡೆ ತಿರುಗಿಸಿ, ಮುಳ್ಳಯ್ಯನಗಿರಿಯ ಏರು ಹತ್ತಿ. ಹಾಸನದವರಿಗೆ ಶಿರಾಡಿ ಘಾಟಿ ಇದೆ. ಏರಿನಲ್ಲಿ ಒಂದು ಗೇರ್ ಹೆಚ್ಚೇ ಇಟ್ಟು ಆಕ್ಸಿಲರೇಟರ್ ಒತ್ತಿ. ಎಂಜಿನ್ ಕೂಗಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಟೆಂಪರೇಚರ್ ಮುಳ್ಳು ಅರ್ಧ ದಾಟಿ ಕದಲಬಾರದು, ಎಸಿ ಹಾಕಿದ್ದರೂ.

ಇಳಿಯುವಾಗ ಎರಡನೇ ಗೇರಿನಲ್ಲಿ ಕಾಲು ಎತ್ತಿ ಬಿಟ್ಟುಬಿಡಿ. ಗೇರ್ ತಾನೇ ಜಿಗಿದು ನ್ಯೂಟ್ರಲ್‌ಗೆ ಬಂದರೆ ಗೇರ್ ಬಾಕ್ಸ್ ಬಿಚ್ಚುವ ಕೆಲಸವಿದೆ. ಉದ್ದದ ಇಳಿಜಾರು ಮುಗಿದು ಮತ್ತೆ ಆಕ್ಸಿಲರೇಟರ್ ಒತ್ತುವ ಕ್ಷಣ ಕನ್ನಡಿಯಲ್ಲಿ ಹಿಂದೆ ನೋಡಿ. ಆಗ ನೀಲಿ ಮೋಡ ಎದ್ದರೆ ವಾಲ್ವ್ ಸೀಲುಗಳು ಹೋಗಿವೆ. ಸಮತಟ್ಟು ರಸ್ತೆ ಇದನ್ನು ಎಂದೂ ತೋರಿಸುವುದಿಲ್ಲ.

ಫೋರ್ ವೀಲ್ ಡ್ರೈವ್ ಎಂದು ಹೆಚ್ಚು ಬೆಲೆ ಹೇಳಿದರೆ ಹುಲ್ಲಿನ ಮೇಲೋ ಮಣ್ಣಿನಲ್ಲೋ ಹಾಕಿಸಿ ನೋಡಿ. ಡಾಂಬರಿನಲ್ಲಿ ಹಾಕಿ ಸ್ಟೀರಿಂಗ್ ಪೂರ್ತಿ ತಿರುಗಿಸುವುದು ಬೇಡ, ಒಳಗಿನ ಹಲ್ಲುಗಳಿಗೆ ಹಿಂಸೆ. ವರ್ಷಗಟ್ಟಲೆ ಮುಟ್ಟದ ಲಿವರ್ ಕಚ್ಚಿಕೊಂಡಿರುತ್ತದೆ.

2020ರ ಏಪ್ರಿಲ್ ನಂತರದ ಬಿಎಸ್‌ 6 ಡೀಸೆಲ್ ಆದರೆ ಹೈವೇ ಗಾಡಿಯನ್ನೇ ಹುಡುಕಿ ಎಂದು ಮತ್ತೆ ಹೇಳುತ್ತೇನೆ. ಅದರ ಸೈಲೆನ್ಸರಿನೊಳಗಿನ ಮಸಿ ಸೋಸುವ ಡಿಪಿಎಫ್ ತನ್ನನ್ನು ತಾನು ಸುಟ್ಟು ಶುಚಿ ಮಾಡಿಕೊಳ್ಳಲು ಒಂದಷ್ಟು ಹೊತ್ತು ಒಂದೇ ವೇಗದ ಓಟ ಬೇಕು. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಐದಾರು ಕಿಲೋಮೀಟರ್ ಮಾತ್ರ ಓಡಿದರೆ ಅದು ಕಟ್ಟಿಕೊಳ್ಳುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಗುರುತಿಗಿಂತ ಮೇಲಿದ್ದರೆ ಡೀಸೆಲ್ ಬೆರೆತಿರಬಹುದು. ಜಾಸ್ತಿ ಆಯಿಲ್ ಹಾಕಿದ್ದಾರೆ, ಒಳ್ಳೆಯವರು ಎಂದುಕೊಳ್ಳಬೇಡಿ.

ಲೆಕ್ಕ

ಗಾಡಿಯ ಬೆಲೆಯ ಐದನೇ ಒಂದು ಭಾಗ ಕೈಯಲ್ಲಿ ಉಳಿಯದಿದ್ದರೆ ಆ ಗಾಡಿ ಕೊಳ್ಳಬೇಡಿ, ಇನ್ನೂ ಚಿಕ್ಕದನ್ನು ನೋಡಿ. ಐದು ಲಕ್ಷದ ಗಾಡಿಗೆ ಒಂದು ಲಕ್ಷ ಬದಿಗಿರಲಿ. ಟೈರು, ಬ್ಯಾಟರಿ, ಕ್ಲಚ್, ಸಸ್ಪೆನ್ಷನ್ ಬುಷ್ ಮೊದಲ ವರ್ಷದಲ್ಲೇ ಸಾಲಾಗಿ ಬಾಗಿಲು ತಟ್ಟುತ್ತವೆ. ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇದ್ದರೆ (ಡಸ್ಟರ್ ಡೀಸೆಲ್‌ನಲ್ಲಿ ಇದೆ) ಬದಲಿಸಿದ ಬಿಲ್ಲು ಕೇಳಿ. ಬಿಲ್ಲಿಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಿಡಿಯಿರಿ. ಅದು ಓಡುವಾಗ ಕಿತ್ತರೆ ವಾಲ್ವುಗಳು ಬಾಗುತ್ತವೆ. ಫೋರ್ಡ್ 2021ರಲ್ಲಿ ಇಲ್ಲಿಯ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಅದರ ಎಂಡೆವರ್ ಒಳ್ಳೆಯ ಗಾಡಿ, ಆದರೆ ಬಿಡಿಭಾಗ ಎಲ್ಲಿಂದ, ಎಷ್ಟು ದಿನಕ್ಕೆ ಬರುತ್ತದೆ ಎಂದು ಮೊದಲೇ ನಾಲ್ಕು ಫೋನು ಮಾಡಿ. ಆ ವಿಷಯದಲ್ಲಿ ನಮ್ಮ ಊರುಗಳಿಗೆ ಬೊಲೆರೊವೇ ಸರಿ. ಕುಲುಕುತ್ತದೆ, ನಿಜ. ಆದರೆ ಕೊಟ್ಟಿಗೆಹಾರದಲ್ಲಿ ನಿಂತರೂ ಬಿಚ್ಚಿ ಜೋಡಿಸುವವರು ಸಿಗುತ್ತಾರೆ.

ಮಾಲೀಕತ್ವ ವರ್ಗಾಯಿಸುವ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಹದಿನಾಲ್ಕು ದಿನದೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಬರೆಸಿಕೊಳ್ಳಿ. ಅಡ್ವಾನ್ಸ್ ಕೊಟ್ಟ ದಿನ ಸ್ಟೆಪ್ನಿಯೂ ಸೇರಿ ಐದೂ ಟೈರು, ಬ್ಯಾಟರಿ, ಜಾಕ್, ಮ್ಯೂಸಿಕ್ ಸಿಸ್ಟಂ ಎಲ್ಲದರ ಫೋಟೊ ಮಾರುವವರ ಎದುರಿಗೇ ತೆಗೆಯಿರಿ, ಟೈರಿನ ನಾಲ್ಕಂಕಿ ಕಾಣುವಂತೆ. ಭಾವ ಕೊನೆಗೂ ಹಾಸನದಲ್ಲೊಂದು ಗಾಡಿ ಹಿಡಿದರು. ಒಂದು ಲಕ್ಷ ಅರವತ್ತು ಸಾವಿರ ಓಡಿದ್ದು, ಬಿಲ್ಲುಗಳೆಲ್ಲ ಇವೆ, ಬೆಳಗಿನ ಬಾನೆಟ್ಟೂ ತಣ್ಣಗಿತ್ತು. ಮನೆಗೆ ತಂದು ಡಿಕ್ಕಿ ತೆಗೆದರೆ ಜಾಕ್ ಇಲ್ಲ. ಫೋಟೊ ತೆಗೆದಿರಲಿಲ್ಲ.