ಐ9ಗೂ ರೈಜನ್ 9ಗೂ ಒಂದೇ ಮೂಗುದಾರ, 142 ವ್ಯಾಟ್

ಕಂಪ್ಯೂಟರ್ ಪ್ರೊಸೆಸರ್ ಎಳೆಯೋ ಕರೆಂಟಿಗೆ ಮಿತಿ ಹಾಕ್ತೀನಿ ಅಂದಿದ್ದಕ್ಕೆ "ಲಿಮಿಟ್ ಹಾಕೋದಾದ್ರೆ ಐ9 ಯಾಕ್ ಸಾರ್, ಐ5 ತಗೊಂಡ್ ಹೋಗಿ" ಅಂತ ಬೆಂಗಳೂರಿನ ಎಸ್.ಪಿ. ರೋಡಲ್ಲಿ ಅಂಗಡಿಯವ್ನು ನಕ್ಕಿದ್ದ. ಫ್ರೆಂಡ್ಸ್ ಕೂಡ ಅದೇ ರಾಗ. ಈಗ ವರ್ಷದಿಂದ ಎರಡು ಮಷಿನ್ ಪಕ್ಕಪಕ್ಕ ಓಡ್ತಿವೆ, ನಕ್ಕೋರಲ್ಲೇ ಇಬ್ರು ಬಂದು ಸೆಟಿಂಗ್ ಕೇಳ್ಕೊಂಡ್ ಹೋದ್ರು, ಅದಕ್ಕೇ ಬರೀತಿದೀನಿ.

ನಂದು ಮದುವೆ ವಿಡಿಯೋ ಎಡಿಟಿಂಗ್, ಜೊತೆಗೆ ಬ್ಲೆಂಡರಲ್ಲಿ ಸ್ವಲ್ಪ 3ಡಿ ಕೆಲಸ. ಒಂದ್ರಲ್ಲಿ ಎಎಂಡಿಯ ರೈಜನ್ 9 7950ಎಕ್ಸ್ ಪ್ರೊಸೆಸರ್, ಇನ್ನೊಂದ್ರಲ್ಲಿ ಇಂಟೆಲಿನ ಕೋರ್ ಐ9 13900ಕೆ. ಮೊದಲ ತಿಂಗಳು ಮಾಡಿದ ಟೆಸ್ಟೆಲ್ಲಾ ದಂಡ. ಐ9 ಹಾಕಿದ ಮದರ್ಬೋರ್ಡಲ್ಲಿ ಇಂಟೆಲ್ ಇಟ್ಟಿರೋ 253 ವ್ಯಾಟ್ ಲಿಮಿಟ್ಟೇ ಆಫ್ ಆಗಿ ಬಂದಿತ್ತು, ಯಾವ ಬೋರ್ಡು ಅಂತ ಕೇಳ್ಬೇಡಿ, 300 ದಾಟಿ 100 ಡಿಗ್ರಿ ಮುಟ್ಟಿ ಕ್ಲಾಕ್ (ಓಡೋ ವೇಗ) ಇಳೀತಿತ್ತು, ನಾನು ಕೂಲರ್ ಸಾಲಲ್ಲ ಅನ್ಕೊಂಡು ಹತ್ರಹತ್ರ 14 ಸಾವಿರ ಕೊಟ್ಟು 360 ಎಂಎಂ ಲಿಕ್ವಿಡ್ ಕೂಲರ್ ತಂದೆ, ಅದನ್ನೂ ಅಡಿಯ ಪ್ಲಾಸ್ಟಿಕ್ ಹಾಳೆ ಕೀಳದೇ ಕೂರಿಸ್ದೆ. ನಗ್ಬೇಡಿ. ಒಂದು ರಾತ್ರಿ ರೆಂಡರ್ ಹಾಕಿ ಮಲಗಿದ್ರೆ ಕರೆಂಟ್ ಹೋಗಿ, ಯುಪಿಎಸ್ ಲೋಡ್ ತಡೀದೆ ಮಷಿನ್ ಆಫು. ಬೆಳಿಗ್ಗೆ ಮದುಮಗನ ಅಪ್ಪನ ಫೋನು.

ಆಮೇಲೇ ಎರಡಕ್ಕೂ 142 ವ್ಯಾಟ್ ಕಟ್ಟಿದ್ದು. ರೈಜನಲ್ಲಿ ಹೆಸರಿಗೆ 105 ವ್ಯಾಟಿನ ಇಕೋ ಮೋಡ್ (ಕರೆಂಟ್ ಉಳಿಸೋ ಸೆಟಿಂಗ್) ಹಾಕಿದ್ರೆ ಪಿಪಿಟಿ, ಅಂದ್ರೆ ಪ್ರೊಸೆಸರ್ ನಿಜವಾಗಿ ಎಳೆಯೋ ಪವರಿನ ಮಿತಿ, ತಾನಾಗೇ 142 ಆಗುತ್ತೆ. ಐ9ಲ್ಲಿ ಮೊದಲು ಪಿಎಲ್1 (ತುಂಬಾ ಹೊತ್ತು ಓಡುವಾಗಿನ ಪವರ್ ಮಿತಿ) ಮಾತ್ರ ಇಳಿಸಿದ್ದೆ, ಅದಕ್ಕೇ ಚಿಕ್ಕ ಟೆಸ್ಟಲ್ಲೆಲ್ಲಾ ಐ9 ಗೆಲ್ತಿತ್ತು, ಪಿಎಲ್2 (ಸ್ವಲ್ಪ ಹೊತ್ತಿನ ಮಿತಿ) ಕೂಡ ಇಳಿಸಿ ಸಿನಿಬೆಂಚ್ ಆರ್23 ಅನ್ನೋ ಪ್ರೊಸೆಸರ್ ಟೆಸ್ಟ್ ಹತ್ತು ನಿಮಿಷ ಬಿಟ್ಟಾಗ ಬಣ್ಣ ಬಯಲಾಯ್ತು. ಲಿಮಿಟ್ ಇಲ್ದೆ ಎರಡರ ಸ್ಕೋರೂ 38 ಸಾವಿರದ ಆಸುಪಾಸು, 142ರಲ್ಲಿ ರೈಜನ್ 36, ಐ9 32 ಇರ್ಬೇಕು. 95 ಡಿಗ್ರೀಲಿ ಕೂತಿರ್ತಿದ್ದ ರೈಜನ್ 70ರ ಹತ್ರ ಬಂತು.

ಸುಮ್ನೆ ಕುತೂಹಲಕ್ಕೆ ರೈಜನನ್ನ 65ರ ಇಕೋ ಮೋಡಿಗೂ ಇಳಿಸ್ದೆ, ಅಂದ್ರೆ 88 ವ್ಯಾಟು, ಆಗ್ಲೂ 30 ಸಾವಿರ! ಕರ್ವ್ ಆಪ್ಟಿಮೈಸರಲ್ಲಿ (ಕೋರಿನ ವೋಲ್ಟೇಜ್ ಇಳಿಸೋ ಸೆಟಿಂಗ್) ಒಂದೊಂದ್ ಕೋರಿಗೂ ಹಾಕಿರೋ ನಂಬರ್ ಮಾತ್ರ ಹೇಳಲ್ಲ, ಮೂರು ವಾರ ನಿದ್ದೆಗೆಟ್ಟು ಹುಡುಕಿದ್ದು. ಒಂದು ವಿಷ್ಯ, ಜಾಸ್ತಿ ಮೈನಸ್ ಹಾಕಿದ್ರೆ ಲೋಡಲ್ಲಿ ಚೆನ್ನಾಗೇ ಓಡಿ, ನೀವು ಕಾಫಿ ಕುಡಿಯೋಕ್ ಎದ್ದಾಗ ಐಡಲಲ್ಲಿ ರೀಸ್ಟಾರ್ಟ್ ಆಗುತ್ತೆ.

ಹಂಗಂತ ಐ9 ಮಾರಿಲ್ಲ. ಕ್ಯಾಮೆರಾದಿಂದ ಬರೋ ಬಣ್ಣದ ವಿವರ ಜಾಸ್ತಿ ಇರೋ 10 ಬಿಟ್ 4:2:2 ಎಚ್‌ಇವಿಸಿ ಫುಟೇಜ್ ಕ್ವಿಕ್ ಸಿಂಕಲ್ಲಿ (ಇಂಟೆಲ್ ಚಿಪ್ಪಿನೊಳಗೇ ಇರೋ ವಿಡಿಯೋ ಎಂಜಿನ್) ಬೆಣ್ಣೆ ಥರ ಓಡುತ್ತೆ, ರೈಜನಲ್ಲಿ ಅದಕ್ಕೆ ಪ್ರಾಕ್ಸಿ, ಅಂದ್ರೆ ಹಗುರ ಕಾಪಿ, ಮಾಡ್ಕೋಬೇಕು. ಟೈಮ್‌ಲೈನ್ ಐ9ಲ್ಲಿ, ಬ್ಲೆಂಡರ್ ರೈಜನಲ್ಲಿ. ಆ 14 ಸಾವಿರದ ಕೂಲರು 8ಕ್ಕೆ ಹೋಯ್ತು, ಈಗ ಎರಡಕ್ಕೂ 4 ಸಾವಿರದ ಏರ್ ಕೂಲರ್ರೇ.