ಏಳು ಚುಕ್ಕಿಯಿಂದ ಶುರುವಾಗಿದ್ದು

ನಾನು ಮಂಡ್ಯ ಕಡೆಯ ಹಳ್ಳಿಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಜನವರಿ ಬಂತೆಂದರೆ ನನ್ನ ಪೀರಿಯಡ್ ಗಣಿತಕ್ಕೆ ಹೋಗುತ್ತದೆ. ಎಲ್ಲ ಕಡೆ ಇದೇ ಕಥೆ, ಅಲ್ವಾ? ಒಂದು ವರ್ಷ ನಾನೇ ಗಣಿತದ ಮೇಡಂ ಹತ್ತಿರ ಹೋಗಿ, “ಇಬ್ಬರೂ ಸೇರಿ ತಗೊಳ್ಳೋಣ್ವಾ?” ಅಂದೆ. ಏಳನೇ ತರಗತಿಗೆ ಸಮಮಿತಿ, ಅಂದರೆ ಮಡಚಿದರೆ ಎರಡು ಅರ್ಧ ಒಂದರ ಮೇಲೊಂದು ಸರಿಯಾಗಿ ಕೂಡೋದು, ಆ ಪಾಠ ಬಾಕಿ ಇತ್ತು. ಸಂಕ್ರಾಂತಿ ಹತ್ತಿರ ಬಂದಿತ್ತು. ರಂಗೋಲಿ ಅಂತ ತೀರ್ಮಾನವಾಯಿತು.

ಅದಕ್ಕೂ ಹಿಂದೆ ಒಂದು ತಪ್ಪು ಮಾಡಿದ್ದೆ. ಪಾಠದ ಜೊತೆ ಚಿತ್ರ ಅಂದರೆ ವಿಜ್ಞಾನದ ಪುಸ್ತಕದಲ್ಲಿರೋ ಹೂವನ್ನು ಚಾರ್ಟ್ ಮೇಲೆ ದೊಡ್ಡದಾಗಿ ಬರೆಸಿ ಬಣ್ಣ ತುಂಬಿಸೋದು ಅಂದುಕೊಂಡಿದ್ದೆ. ಗೋಡೆಗೆ ಕಳೆ ಬಂತು. ಒಂದು ಮಗುವೂ ನಿಜವಾದ ಹೂವು ಕಿತ್ತು ನೋಡಲಿಲ್ಲ.

ಮೊದಲ ದಿನ ಅಂಗಳಕ್ಕೆ ನೀರು ಚಿಮುಕಿಸಿ ಏಳು ಚುಕ್ಕಿ ಇಟ್ಟೆ. ಮೇಲೆ ಕೆಳಗೆ ಐದು, ಮೂರು, ಒಂದು. ಹುಡುಗರು ದೂರ ನಿಂತಿದ್ದರು. “ಇದು ಹುಡ್ಗೀರ ಕೆಲ್ಸ ಸರ್.” ಎಣಿಸದೆ ಎಷ್ಟು ಚುಕ್ಕಿ ಹೇಳಿ ನೋಡೋಣ ಅಂದೆ. ಹತ್ತಿರ ಬಂದರು. ಏಳರಿಂದ ಶುರುವಾದರೆ 25. ಐದರಿಂದ 13, ಒಂಬತ್ತರಿಂದ 41. ಒಬ್ಬ, “12 ಜಾಸ್ತಿ ಆಯ್ತು, ಆಮೇಲೆ 16. ಹನ್ನೊಂದಕ್ಕೆ 20 ಜಾಸ್ತಿ, 61!” ಅಂದ. ಹಾಕಿ ನೋಡಿದೆವು. ಸರಿಯಾಗಿತ್ತು.

ಆಗ ಗಣಿತದ ಕ್ಲಾಸಲ್ಲಿ ಬಾಯೇ ಬಿಡದ ಒಬ್ಬ ಹುಡುಗಿ ಎದ್ದು ಬಂದಳು. “ಇದು ಸುಲಭ ಸರ್. ಸಂದು ಚುಕ್ಕಿ ಹಾಕ್ಲಾ?” ಏಳು ಚುಕ್ಕಿ, ಅವುಗಳ ಸಂದಿನಲ್ಲಿ ಆರು, ಆಮೇಲೆ ಐದು, ನಾಲ್ಕಕ್ಕೆ ನಿಲ್ಲಿಸಿದಳು. ಕೆಳಗೂ ಹಾಗೇ. ಒಟ್ಟು 37. ಹೊರಗಿನ ಚುಕ್ಕಿಗಳನ್ನು ಗೆರೆ ಎಳೆದು ಸೇರಿಸಿದರೆ ಆರು ಮೂಲೆ.

ಮಾರನೇ ದಿನ ಅದನ್ನೇ ಡ್ರಾಯಿಂಗ್ ಹಾಳೆ ಮೇಲೆ ಹಾಕಿಸಿದೆ. ಚುಕ್ಕಿಯಿಂದ ಚುಕ್ಕಿಗೆ 2 ಸೆಂ.ಮೀ., ಸಾಲಿಂದ ಸಾಲಿಗೂ 2 ಸೆಂ.ಮೀ. ಕತ್ತರಿಸಿ ಮಡಚಿ, ಆರು ಸಮಮಿತಿ ರೇಖೆ ಬರುತ್ತೆ ಅಂದೆ. ಎರಡೇ ಬಂದವು. ಉಳಿದ ಕಡೆ ಅಂಚು ಕೂಡಲೇ ಇಲ್ಲ. ಮೇಡಂ ನನ್ನ ಮುಖ ನೋಡಿದರು.

“ನೀವು ಸಾಲಿಗೆ ಸ್ಕೇಲ್ ಇಡಿಸಿದ್ರಿ. ನಮ್ಮವ್ವ ಹಂಗೆ ಹಾಕಲ್ಲ ಸರ್,” ಅಂದಳು ಅದೇ ಹುಡುಗಿ. “ಕೆಳಗಿನ ಎರಡು ಚುಕ್ಕಿಗೂ ಅಷ್ಟಷ್ಟೇ ದೂರ ನೋಡ್ಕೊಂಡು ಮೂರನೇದು ಇಡ್ತದೆ.”

ಅಂದರೆ ಸಮಬಾಹು ತ್ರಿಭುಜ! ಮೇಡಂ ಆಗಲೇ ಕೈವಾರ ತೆಗೆಸಿದರು. ಎರಡೂ ಚುಕ್ಕಿಯಿಂದ 2 ಸೆಂ.ಮೀ. ಕಂಸ ಎಳೆದು, ಅವು ಕೂಡಿದಲ್ಲಿ ಮುಂದಿನ ಚುಕ್ಕಿ. ಸಾಲುಗಳ ಅಂತರ ಅಳೆದರೆ ಸುಮಾರು 1.7 ಸೆಂ.ಮೀ. ಬಂತು. ಈ ಸಲ ಆರೂ ಮಡಿಕೆ ಕೂಡಿದವು. ಆಮೇಲೆ ಮೇಡಂ ಬೋರ್ಡ್ ಮೇಲೆ ಏನೂ ಬರೆಯಲಿಲ್ಲ, ಸುಮ್ನೆ ಬೆಂಚುಗಳ ನಡುವೆ ಓಡಾಡಿದರು.

ಬಣ್ಣದ ದಿನ ಬೇಗ ಮುಗಿಯಿತು. ಅರಿಶಿನಕ್ಕೆ ಸುಣ್ಣದ ತಿಳಿನೀರು ಬಿಟ್ಟರೆ ಕೆಂಪು, ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ವಿಜ್ಞಾನದ ಮೇಷ್ಟ್ರು ಅದನ್ನು ತಮ್ಮ ಕ್ಲಾಸಿಗೆ ಎತ್ತಿಕೊಂಡು ಹೋದರು. ಸುಣ್ಣ ಮಾತ್ರ ದೊಡ್ಡವರೇ ಮುಟ್ಟಬೇಕು, ಮಕ್ಕಳ ಕೈ ಸುಡುತ್ತೆ.

ನೀವು ಮಾಡೋದಾದರೆ ಎರಡು ಪೀರಿಯಡ್ ಒಟ್ಟಿಗೆ ತಗೊಳ್ಳಿ, ಅದೂ ಬೆಳಗ್ಗೆ. ನಾವು ಮಧ್ಯಾಹ್ನ ಹಾಕಿದ ಒಂಬತ್ತು ಚುಕ್ಕಿಯ ರಂಗೋಲಿಯಲ್ಲಿ ಅರ್ಧ ಗಾಳಿಗೆ ಹೋಯಿತು, ಉಳಿದರ್ಧದ ಮೇಲೆ ಹೆಡ್‌ಮಾಸ್ಟರ ಬೈಕ್ ಹತ್ತಿತು.