ಫೈಲ್ ಓದಲು ಆಗುತ್ತಿಲ್ಲವೇ? ಮೊದಲು ಕಾಪಿ, ಆಮೇಲೆ ರಿಪೇರಿ

ಹಾರ್ಡ್ ಡಿಸ್ಕ್‌ನಿಂದ ಕಾಪಿ ಮಾಡುವಾಗ ಹಸಿರು ಪಟ್ಟಿ ಅರ್ಧದಲ್ಲೇ ನಿಂತು, ವೇಗ ಸೊನ್ನೆಗೆ ಇಳಿದು, ಕೊನೆಗೆ ‘ಡೇಟಾ ಎರರ್: ಸೈಕ್ಲಿಕ್ ರಿಡಂಡೆನ್ಸಿ ಚೆಕ್’ ಎಂಬ ಸಂದೇಶ ಬಂದರೆ, ಬಹಳಷ್ಟು ಮಂದಿ ತಕ್ಷಣ ವಿಂಡೋಸ್‌ನ ಡಿಸ್ಕ್ ರಿಪೇರಿ ಪ್ರೋಗ್ರಾಂ ಚೆಕ್‌ಡಿಸ್ಕ್ ಓಡಿಸುತ್ತಾರೆ. ಡಿಸ್ಕ್ ನಿಜಕ್ಕೂ ಕೆಡುತ್ತಿದ್ದರೆ ಇದರಿಂದ ಉಳಿದ ಫೈಲ್‌ಗಳೂ ಹೋಗಬಹುದು.

ಡಿಸ್ಕ್‌ನಲ್ಲಿ ದತ್ತಾಂಶ 512 ಅಥವಾ 4096 ಬೈಟ್‌ಗಳ ಸೆಕ್ಟರ್‌ಗಳಲ್ಲಿ ಕೂತಿರುತ್ತದೆ. ಪ್ರತಿ ಸೆಕ್ಟರ್‌ನ ಜೊತೆಗೆ ತಾಳೆ ನೋಡಲು ಒಂದು ಸಂಕೇತವಿರುತ್ತದೆ. ಓದಿದ್ದಕ್ಕೂ ಸಂಕೇತಕ್ಕೂ ತಾಳೆಯಾಗದಿದ್ದರೆ ಡಿಸ್ಕ್ ಅದೇ ಜಾಗವನ್ನು ಮತ್ತೆ ಮತ್ತೆ ಓದಲು ನೋಡುತ್ತದೆ. ಕಂಪ್ಯೂಟರ್ ಕೆಲಹೊತ್ತು ಮರಗಟ್ಟಿದಂತೆ ನಿಲ್ಲುವುದು ಈ ಪ್ರಯತ್ನದಿಂದಲೇ.

ಮೊದಲು ಸಂದೇಶ ಓದಿ

‘ಆಕ್ಸೆಸ್ ಡಿನೈಡ್’ ಎಂದರೆ ಅದು ಅನುಮತಿಯ ತಕರಾರು, ಡಿಸ್ಕ್‌ನದ್ದಲ್ಲ. ‘ಫೈಲ್ ಇನ್ ಯೂಸ್’ ಎಂದರೆ ಬೇರೊಂದು ಪ್ರೋಗ್ರಾಂ ಅದನ್ನು ತೆರೆದಿಟ್ಟುಕೊಂಡಿದೆ. ಫೋಲ್ಡರ್ ಒಳಗೆ ಫೋಲ್ಡರ್ ಮಾಡಿ ಪಾತ್ (ಫೈಲ್‌ನ ಪೂರ್ತಿ ವಿಳಾಸ) ಸುಮಾರು 260 ಅಕ್ಷರ ದಾಟಿದರೂ ಕೆಲವು ಪ್ರೋಗ್ರಾಂಗಳಲ್ಲಿ ಫೈಲ್ ತೆರೆಯುವುದಿಲ್ಲ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡರೆ ‘ಫೈಲ್ ಕರಪ್ಟ್’ ಎಂದು ಅಳಿಸಬೇಡಿ. ಆ ಫಾಂಟ್ ಹಾಕಿಕೊಂಡರೆ ಅಥವಾ ಯೂನಿಕೋಡ್‌ಗೆ ಬದಲಿಸಿದರೆ ಓದಲು ಸಿಗುತ್ತದೆ.

ಕೇಬಲ್ ಮತ್ತು ಪೋರ್ಟ್

ಯುಎಸ್‌ಬಿ ಹಬ್ ತೆಗೆದು ಡಿಸ್ಕನ್ನು ನೇರವಾಗಿ, ಡೆಸ್ಕ್‌ಟಾಪ್ ಆದರೆ ಹಿಂಬದಿಯ ಪೋರ್ಟ್‌ಗೆ ಹಾಕಿ. ಹಳೆಯ ಯುಎಸ್‌ಬಿ 2 ಪೋರ್ಟ್ ಕೊಡಬೇಕಾದ ಕರೆಂಟ್ 500 ಮಿಲಿಆಂಪಿಯರ್, ಯುಎಸ್‌ಬಿ 3 ಆದರೆ 900. ಕಡಿಮೆ ಬಿದ್ದರೆ ಡಿಸ್ಕ್‌ನ ಒಳಗಿನ ತಟ್ಟೆ ಸರಿಯಾಗಿ ತಿರುಗದೆ ‘ಟಿಕ್ ಟಿಕ್’ ಎನ್ನುತ್ತದೆ. ಬೇರೆ ಕೇಬಲ್, ಬೇರೆ ಪೋರ್ಟ್ ಎರಡರಲ್ಲೂ ಸದ್ದು ನಿಲ್ಲದಿದ್ದರೆ ಡಿಸ್ಕ್‌ನ ಹೆಡ್ (ತಟ್ಟೆಯನ್ನು ಓದುವ ಭಾಗ) ಹೋಗಿರಬಹುದು. ತಕ್ಷಣ ಆಫ್ ಮಾಡಿ. ಮುಂದಿನ ಯಾವ ಹಂತವನ್ನೂ ಮನೆಯಲ್ಲಿ ಮಾಡಬೇಡಿ, ಡೇಟಾ ರಿಕವರಿ ಮಾಡುವವರಿಗೆ ಕೊಡಿ.

ಡಿಸ್ಕ್‌ನ ಆರೋಗ್ಯ

ಉಚಿತವಾಗಿ ಸಿಗುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೆರೆದು ಮೂರು ಸಾಲು ನೋಡಿದರೆ ಸಾಕು. 05 ಎಂದರೆ ಕೆಟ್ಟು, ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು. ಸಿ5 ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವವು. ಸಿ7 ಎಂದರೆ ಕೇಬಲ್ ಹಾದಿಯಲ್ಲಿ ಆದ ತಪ್ಪುಗಳು. ಇದರಲ್ಲಿ ‘ರಾ’ ಅಂಕಣ ಮೊದಲಿಗೆ ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಎಣಿಕೆಯಲ್ಲಿರುತ್ತದೆ, ಅಲ್ಲಿ 64 ಕಂಡರೆ 100 ಎಂದು ಓದಿಕೊಳ್ಳಿ. ಸಿ7ರ ಎಣಿಕೆ ಎಂದೂ ಇಳಿಯುವುದಿಲ್ಲ. ಹಾಗಾಗಿ ಹಳೆಯ ಸಂಖ್ಯೆ ನೋಡಿ ಗಾಬರಿ ಬೇಡ, ಕೇಬಲ್ ಬದಲಿಸಿದ ಮೇಲೂ ಏರುತ್ತಿದೆಯೇ ಎಂಬುದಷ್ಟೇ ಮುಖ್ಯ.

ಕಾಪಿ ಮಾಡುವುದು

ಬೇರೊಂದು ಗಟ್ಟಿ ಡಿಸ್ಕ್ ಜೋಡಿಸಿ, ಮತ್ತೆ ತರಲಾಗದ್ದನ್ನು ಮೊದಲು ಎತ್ತಿ: ಫೋಟೊ, ಪತ್ರಗಳು, ಲೆಕ್ಕದ ಫೈಲ್‌ಗಳು. ಸಿನಿಮಾಗಳು ಕೊನೆಗೆ. ಎಕ್ಸ್‌ಪ್ಲೋರರ್‌ನಲ್ಲಿ ಎಳೆದು ಹಾಕುವ ಬದಲು ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಬಳಸಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಅದರ ಹೆಸರು, ಮೂಲ ಫೋಲ್ಡರ್, ತಲುಪಬೇಕಾದ ಫೋಲ್ಡರ್ ಬರೆದು, ಕೊನೆಯಲ್ಲಿ ಸ್ಲ್ಯಾಶ್ ಇ, ಸ್ಲ್ಯಾಶ್ ಆರ್ ಕೋಲನ್ 1, ಸ್ಲ್ಯಾಶ್ ಡಬ್ಲ್ಯೂ ಕೋಲನ್ 1 ಸೇರಿಸಿ. ಕೊನೆಯ ಎರಡನ್ನು ಮರೆತರೆ ಫಜೀತಿ. ನಾವು ಹೇಳದಿದ್ದರೆ ರೋಬೋಕಾಪಿ ಒಂದೊಂದು ಕೆಟ್ಟ ಫೈಲಿಗೂ 10 ಲಕ್ಷ ಸಲ, ಪ್ರತಿ ಸಲ 30 ಸೆಕೆಂಡ್ ಬಿಟ್ಟು ಪ್ರಯತ್ನಿಸುತ್ತದೆ. ಲೆಕ್ಕ ಹಾಕಿದರೆ ಒಂದೇ ಫೈಲಿಗೆ ಹತ್ತಿರ ಹತ್ತಿರ ಒಂದು ವರ್ಷ!

ಸಿ5 ನೂರಾರು ದಾಟಿದ್ದರೆ ಫೈಲ್ ಫೈಲಾಗಿ ಎತ್ತುವುದಕ್ಕಿಂತ ಲಿನಕ್ಸ್‌ನ ಡಿಡಿರೆಸ್ಕ್ಯೂನಿಂದ ಇಡೀ ಡಿಸ್ಕ್‌ನ ಪ್ರತಿ ತೆಗೆಯುವುದು ಒಳ್ಳೆಯದು. ಅದು ಚೆನ್ನಾಗಿರುವ ಭಾಗವನ್ನು ಮೊದಲು ಎತ್ತಿಕೊಂಡು, ಹಟ ಮಾಡುವ ಜಾಗವನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಎಲ್ಲಿಯವರೆಗೆ ಓದಿದೆ ಎಂದು ಬರೆದಿಡುವ ಮ್ಯಾಪ್ ಫೈಲ್ ಕೊಟ್ಟಿದ್ದರೆ ನಡುವೆ ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಸಬಹುದು.

ಈಗ ಚೆಕ್‌ಡಿಸ್ಕ್

ಚೆಕ್‌ಡಿಸ್ಕ್‌ಗೆ ಸ್ಲ್ಯಾಶ್ ಎಫ್ ಕೊಟ್ಟರೆ ಫೈಲ್ ಸಿಸ್ಟಮ್‌ನ ಪಟ್ಟಿಯನ್ನು, ಅಂದರೆ ಯಾವ ಫೈಲ್ ಎಲ್ಲಿದೆ ಎಂಬ ದಾಖಲೆಯನ್ನು ಮಾತ್ರ ಸರಿಪಡಿಸುತ್ತದೆ. ಡ್ರೈವ್ ತೆಗೆಯುವಾಗ ‘ಇಜೆಕ್ಟ್’ ಮಾಡದೆ ಕಿತ್ತಿದ್ದರಿಂದ ಆದ ಗೊಂದಲಕ್ಕೆ ಸಾಮಾನ್ಯವಾಗಿ ಇಷ್ಟು ಸಾಕು. ಸ್ಲ್ಯಾಶ್ ಆರ್ ಇಡೀ ಡಿಸ್ಕನ್ನು ಓದುತ್ತದೆ. ಒಳ್ಳೆಯ 1 ಟೆರಾಬೈಟ್ ಡಿಸ್ಕ್‌ಗೇ ಗಂಟೆಗಟ್ಟಲೆ ಬೇಕು, ಕೆಟ್ಟದ್ದಕ್ಕೆ ದಿನಗಟ್ಟಲೆ. ತಲೆಬುಡ ಸಿಗದ ತುಣುಕುಗಳನ್ನು ಅದು ‘ಫೌಂಡ್’ ಎಂಬ ಅಡಗಿದ ಫೋಲ್ಡರ್‌ಗೆ ಹಾಕುತ್ತದೆ. ಫೈಲ್ ಕಾಣೆಯಾಯಿತು ಎನ್ನುವ ಮುನ್ನ ಅಲ್ಲೊಮ್ಮೆ ನೋಡಿ.

‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಿ’ ಎಂದು ವಿಂಡೋಸ್ ಕೇಳಿದರೆ ‘ಕ್ಯಾನ್ಸಲ್’ ಒತ್ತಿ. ಎಷ್ಟೋ ಸಲ ಹಾಳಾಗಿರುವುದು ಮೊದಲ ಕೆಲವು ಸೆಕ್ಟರ್‌ಗಳಷ್ಟೇ. ಡ್ರೈವ್ ವಿಂಡೋಸ್‌ನ ಎನ್‌ಟಿಎಫ್‌ಎಸ್ ಫೈಲ್ ಸಿಸ್ಟಮ್‌ನಲ್ಲಿದ್ದರೆ ಬೂಟ್ ಸೆಕ್ಟರ್ ಎಂಬ ಮೊದಲ ಸೆಕ್ಟರ್‌ನ ಇನ್ನೊಂದು ಪ್ರತಿ ವಾಲ್ಯೂಮ್‌ನ (ಆ ಡ್ರೈವ್‌ನ) ಕೊನೆಯಲ್ಲಿರುತ್ತದೆ. ಟೆಸ್ಟ್‌ಡಿಸ್ಕ್ ಎಂಬ ಪ್ರೋಗ್ರಾಂ ಅದರಿಂದ ಮೊದಲಿನದನ್ನು ಮತ್ತೆ ಬರೆಯಬಲ್ಲದು.

ಡಿಸ್ಕ್ ಇಟ್ಟುಕೊಳ್ಳುವುದೋ, ಬಿಡುವುದೋ?

ಎಲ್ಲವನ್ನೂ ಎತ್ತಿಕೊಂಡ ಮೇಲೆ ‘ಕ್ವಿಕ್’ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ವಿಸ್ಟಾದಿಂದೀಚೆಗಿನ ವಿಂಡೋಸ್‌ಗಳು ಇಲ್ಲಿ ಪ್ರತಿ ಸೆಕ್ಟರ್‌ಗೂ ಸೊನ್ನೆ ಬರೆಯುತ್ತವೆ. ನಂತರ ಸಿ5 ಸೊನ್ನೆಗೆ ಇಳಿದು 05 ಮೊದಲಿನಷ್ಟೇ ಇದ್ದರೆ, ಬರೆಯುವಾಗ ಕರೆಂಟ್ ಹೋಗಿ ಸೆಕ್ಟರ್ ಅರ್ಧಂಬರ್ಧ ಆಗಿದ್ದಿರಬಹುದು. ಸಿನಿಮಾ ಇಡಲು ಡಿಸ್ಕ್ ನಡೆಯುತ್ತದೆ. 05 ಏರಿದ್ದರೆ ಅಥವಾ ವಾರದೊಳಗೆ ಸಿ5 ಮತ್ತೆ ಕಾಣಿಸಿಕೊಂಡರೆ, ಆ ಡಿಸ್ಕ್ ಇ-ತ್ಯಾಜ್ಯದ ಡಬ್ಬಿಗೆ.